ಇಳಿ ಎಂದು ಬರೆದವರಿಗೆ

ಗಾಳಿಯೆಣಿಕೆ ಇನ್ನೂರ ಹದಿನಾಲ್ಕನೆಯ ವರ್ಷ,
ನಿಲ್ಲದ ತಿಂಗಳು, ನಲವತ್ತೊಂದನೆಯ ದಿನ,
ಕಪ್ಪತಗುಡ್ಡದ ನೆತ್ತಿ, ಮಧ್ಯಾಹ್ನ.

ಹೆಸರು ಗೊತ್ತಿಲ್ಲದ ಹಿರಿಯರಿಗೆ ಕೆಂಚವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸಿರುತ್ತೀರಿ. ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಕೇಳುವುದು ನಿಮ್ಮ ಹಕ್ಕು. ನಮ್ಮ ತಿಂಗಳುಗಳು ಚಂದ್ರನನ್ನು ಕೇಳುವುದಿಲ್ಲ, ಗಾಳಿಯನ್ನು ಕೇಳುತ್ತವೆ. ಪಡುವಣ ಗಾಳಿ ಎದ್ದ ದಿನ ನಿಲ್ಲದ ತಿಂಗಳು ಶುರು, ಅದು ಬಿದ್ದ ದಿನ ಮುಗಿಯಿತು. ಈ ತಿಂಗಳಲ್ಲಿ ಯಾರೂ ಕೂತಲ್ಲಿ ಕೂರಲಾರರು. ರೊಟ್ಟಿ ಬಡಿಯುವವಳು ಅರ್ಧಕ್ಕೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತಾಳೆ, ಯಾಕೆ ಹೋದೆ ಎಂದು ಕೇಳಿದರೆ ಅವಳಿಗೇ ಗೊತ್ತಿರುವುದಿಲ್ಲ. ನಾನೂ ಈ ಕಾಗದವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಮಾತು ಅಲ್ಲಿಂದ ಇಲ್ಲಿಗೆ ಹಾರಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಪದಗಳು ವಿಚಿತ್ರವೆನಿಸಿದರೂ ಅಷ್ಟೇ. ನಿಮ್ಮ ಕಾಲದ ಅಚ್ಚಿನ ಕನ್ನಡವನ್ನು ನಾನು ಹರಿದ ಹಾಳೆಗಳಿಂದ ಕಲಿತವಳು. ಮನೆಯಲ್ಲಿ ಹೀಗೆ ಮಾತಾಡಿದರೆ ನನ್ನ ಮಗಳು ಬಿದ್ದು ಬಿದ್ದು ನಗುತ್ತಾಳೆ.

ಈ ಕಾಗದ ನಿಮಗೆ ತಲುಪುವ ಬಗೆಯನ್ನು ನಾನು ವಿವರಿಸಲಾರೆ. ನೆತ್ತಿಯ ತೆಂಕಣ ತುದಿಯಲ್ಲಿ ಕಲ್ಲಿನ ನಡುವೆ ಒಂದು ಬಿರುಕಿದೆ. ಗುಡ್ಡದ ಮೇಲೆಲ್ಲ ಗಾಳಿ ಮುಖಕ್ಕೆ ಹೊಡೆದರೆ, ಅಲ್ಲಿ ಮಾತ್ರ ಒಳಕ್ಕೆ ಎಳೆಯುತ್ತದೆ. ಅದರಲ್ಲಿ ಹಾಕಿದ್ದು ಹಿಂದಿನ ಕಾಲಕ್ಕೆ ಹೋಗುತ್ತದೆಂದು ನಮ್ಮ ನಂಬಿಕೆ, ಅದಕ್ಕೇ ಹಿಂದಂಚೆ ಎಂಬ ಹೆಸರು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಅಜ್ಜಿ ತನ್ನ ಪಾಲಿನದರಲ್ಲಿ, ಕೆಳಗಿನ ಹಳ್ಳದ ದಂಡೆಯ ಆಲದ ಮರ ಕಡಿಯಬೇಡಿ ಎಂದು ಬರೆದಳಂತೆ. ಆ ಮರ ಇಲ್ಲ. ಹಾಗಾದರೆ ಹಿಂದಂಚೆ ಸುಳ್ಳೇ ಎಂದು ಚಿಕ್ಕಂದಿನಲ್ಲಿ ನಾನು ಬಿರುಕು ಕಾಯುವ ಮುದುಕಿಯನ್ನು ಕೇಳಿದ್ದೆ. ಅವಳು ನನ್ನ ಗಲ್ಲ ಹಿಂಡಿ, "ಮುಟ್ಟಿದ ಕಾಗದ ಯಾರ ನೆನಪಿನ್ಯಾಗೂ ಉಳಿಯಂಗಿಲ್ಲವಾ. ಮರ ಉಳದಿದ್ರ, ಉಳಸ್ರಿ ಅಂತ ಯಾಕ ಬರೀತಿದ್ರು?" ಎಂದಿದ್ದಳು. ಆ ಮಾತು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು. ಇವತ್ತು ಅದೇ ಮಾತು ತಲೆ ತಿನ್ನುತ್ತಿದೆ. ನಾನು ಈ ಕಾಗದ ಬರೆಯುತ್ತಿದ್ದೇನೆ ಎಂದರೆ ನೀವು ನನ್ನ ಮಾತು ಕೇಳಿಲ್ಲ ಎಂದೇ ಆಯಿತಲ್ಲ!

ಇರಲಿ, ವಿಷಯಕ್ಕೆ ಬರುತ್ತೇನೆ. ಹಳೆಯ ಹಾಳೆಗಳಲ್ಲಿ ಓದಿದ್ದರಿಂದ ಊಹಿಸುವುದಾದರೆ, ನೀವು ರಜೆಯ ಬೆಳಿಗ್ಗೆ ಇಬ್ಬರು ಮೂವರು ಗೆಳೆಯರನ್ನು ಕಟ್ಟಿಕೊಂಡು, ಬಯಲಿನ ಊರಿನಿಂದ ಸೈಕಲ್ ತುಳಿದು ಈ ಗುಡ್ಡ ಹತ್ತುವವರು. ಹಿರಿಯರು ಎಂದು ಕರೆದೆ, ನಿಮಗೆ ಮೀಸೆಯೂ ನೆಟ್ಟಗೆ ಬಂದಿರಲಿಕ್ಕಿಲ್ಲ. ದಾರಿಯಲ್ಲಿ ಒಂದು ಬಂಡೆ ಸಿಗುತ್ತದೆ. ಅದರ ಮೇಲೆ ನೀವು ಒಂದು ಪದ ಬರೆದಿದ್ದೀರಿ, ಅಥವಾ ಇನ್ನು ಬರೆಯಲಿದ್ದೀರಿ. ಆ ಒಂದು ಪದಕ್ಕಾಗಿ ನಾಳೆ ಬೆಳಿಗ್ಗೆ ನನ್ನ ಮಗಳು ಗಾಳೆವ್ವ ಜೀವ ಪಣಕ್ಕಿಡುತ್ತಾಳೆ.

ನಿಮಗೆ ಇದು ತಿಳಿಯಬೇಕಾದರೆ ನಾವು ಬದುಕುವ ರೀತಿ ಸ್ವಲ್ಪ ಗೊತ್ತಿರಬೇಕು. ನಿಮ್ಮ ಕಾಲದಲ್ಲಿ ಈ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರದ ಕಂಬಗಳಿದ್ದವಲ್ಲ, ಅವು ಒಂದೊಂದಾಗಿ ಉರುಳಿದವು. ಬಯಲಿನ ಬಿಸಿಲು ತಾಳಲಾರದೆ ಮೇಲೆ ಬಂದ ನಮ್ಮ ಹಿಂದಿನವರು ಆ ಉರುಳಿದ ಕಂಬಗಳ ಒಳಗೇ ಸಂಸಾರ ಹೂಡಿದರು. ಅವಕ್ಕೆ ಕೊಳವೆಮನೆ ಎನ್ನುತ್ತೇವೆ. ಉದ್ದಕ್ಕೆ ಹೋಗುತ್ತಲೇ ಇರುವ ಮನೆ, ಮೂಲೆ ಎಂಬುದಿಲ್ಲ. ಮುನಿಸಿಕೊಂಡವರು ಮೂಲೆ ಹಿಡಿದು ಕೂರಲಾಗದೆ ತುದಿಯವರೆಗೆ ನಡೆದು ಹೋಗಬೇಕು, ಅಷ್ಟು ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಕುಡಿಯುವ ನೀರು ಮಂಜುಬಲೆಗಳಿಂದ ಬರುತ್ತದೆ. ಬೆಳಗಿನ ಜಾವದ ಮಂಜು ಬಲೆಗೆ ಸಿಕ್ಕು ತೊಟ್ಟಿಕ್ಕಿದ್ದು ಕೊಡಕ್ಕೆ ಬೀಳುತ್ತದೆ. ಸಜ್ಜೆ ಬೆಳೆಯುತ್ತೇವೆ, ಗಾಳಿಗೆ ಬಾಗಿ ಬೆಳೆಯುವ ಕುಳ್ಳ ಸಜ್ಜೆ. ಬಯಲಿಗೆ ಇಳಿದು ಉಪ್ಪು, ಕಬ್ಬಿಣ, ಹಳೆಯ ಗಾಜು ತರುತ್ತೇವೆ.

ಇಳಿಯುವುದಕ್ಕೆ ಸೈಕಲ್ಲೇ ಗತಿ. ಬಿದಿರಿನ ಚೌಕಟ್ಟು, ಕತ್ತಾಳಿ ನಾರು ತುಂಬಿದ ಗಾಲಿ. ನಿಮ್ಮ ಸೈಕಲ್ಲಿನ ಮುಂಗಾಲುಗಳಲ್ಲಿ ಸ್ಪ್ರಿಂಗ್ ಇರುತ್ತಿತ್ತೆಂದು ಓದಿದ್ದೇನೆ, ನಮಗೆ ಮೊಣಕಾಲೇ ಸ್ಪ್ರಿಂಗ್. ದಾರಿಗಳು ಮನೆಯ ಹಿತ್ತಲಿನಿಂದಲೇ ಶುರುವಾಗುತ್ತವೆ. ತಂಗಡಿ ಗಿಡಗಳ ನಡುವೆ ಹಾಯುವುದು ತಂಗಡಿ ದಾರಿ. ಉರುಟು ಕಲ್ಲಿನ ಮೇಲೆ ದವಡೆ ಅಲುಗಾಡಿಸುವುದು ಹಲ್ಲುಕಡಿ. ಸೊಸೆ ಓಡಿದ್ದು ಎಂಬ ದಾರಿಯೂ ಇದೆ, ಯಾರ ಸೊಸೆ, ಯಾಕೆ ಓಡಿದಳು ಎಂದು ಕೇಳಿದರೆ ಪ್ರತಿ ಮನೆಯಲ್ಲೂ ಬೇರೆ ಬೇರೆ ಕತೆ ಹೇಳುತ್ತಾರೆ. ಮೇಲಕ್ಕೆ ಬರಲು ಮಾತ್ರ ಗಾಳಿಹಗ್ಗ. ಗಾಳಿ ತಿರುಗಿಸುವ ದೊಡ್ಡ ರಾಟೆಗೆ ಸುತ್ತಿದ ಹಗ್ಗ ಮನುಷ್ಯರನ್ನೂ ಸೈಕಲ್ಲನ್ನೂ ಬಂಡಿಯಲ್ಲಿ ಎಳೆದು ತರುತ್ತದೆ. ಹೀಗಾಗಿ ಸೈಕಲ್ ಮೇಲೆ ಕೂತು ಗುಡ್ಡ ಏರುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಮಾಡಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಈಗ ಆ ಪದ. ಬಂಡೆ ಎರಡಾಳು ಎತ್ತರ, ಮೇಲೆ ಚಪ್ಪಟೆ, ಮುಂದೆ ಕಡಿದಾದ ಇಳಿಜಾರು, ಬುಡದಲ್ಲಿ ಗಕ್ಕನೆ ತಿರುವು. ಆ ಇಳಿಜಾರಿನ ಮೇಲೆ ನೀವು ಬರೆದದ್ದು 'ಇಳಿ'. ನಿಮ್ಮ ಬಣ್ಣ ಎಂದೋ ಹೋಯಿತು. ಅದೇ ಗೆರೆಯ ಮೇಲೆ ನಾವು ಪ್ರತಿ ವರ್ಷ ಕೆಂಪು ಜಾಜು ತೀಡುತ್ತೇವೆ. ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಅಕ್ಷರ ಚೆನ್ನಾಗಿಲ್ಲ. 'ಳಿ' ಸೊಟ್ಟಗೆ ಕೆಳಕ್ಕೆ ಜಾರಿದೆ. ನಾವು ಆ ಸೊಟ್ಟನ್ನೂ ಭಕ್ತಿಯಿಂದ ತೀಡಿಕೊಂಡು ಬಂದಿದ್ದೇವೆ. ನಮ್ಮ ಮಕ್ಕಳು ಅಕ್ಷರ ಕಲಿಯುವಾಗ 'ಳಿ'ಯನ್ನು ಸೊಟ್ಟಗೇ ಬರೆಯುತ್ತಾರೆ, ನೆಟ್ಟಗೆ ಬರೆದರೆ ತಿದ್ದಿಸಿಕೊಳ್ಳುತ್ತಾರೆ.

ನಮ್ಮ ಮಾತಿನಲ್ಲಿ ಇಳಿ ಎಂದರೆ ಗುಡ್ಡ ಇಳಿ, ಅಷ್ಟೇ. ಸೈಕಲ್ ನಿಲ್ಲಿಸಿ ನೆಲಕ್ಕೆ ಕಾಲು ಕೊಡುವುದಕ್ಕೆ ಕಾಲೂರು ಎನ್ನುತ್ತೇವೆ, ಅದು ಹೇಡಿಗಳನ್ನು ಬೈಯುವ ಮಾತೂ ಹೌದು. ಆದ್ದರಿಂದ ಬಂಡೆಯ ಮೇಲಿನ ಪದಕ್ಕೆ ನಮ್ಮಲ್ಲಿ ಒಂದೇ ಅರ್ಥ. ಇದರ ಮೇಲಿಂದ ಸೈಕಲ್ ಇಳಿಸು, ಹಿರಿಯರು ಹಾಗೆಂದು ಅಪ್ಪಣೆ ಮಾಡಿದ್ದಾರೆ. ನಿಲ್ಲದ ತಿಂಗಳಲ್ಲಿ ಹರೆಯದ ಹುಡುಗ ಹುಡುಗಿಯರು ನೆತ್ತಿಯಿಂದ ಸೈಕಲ್ ಬಿಟ್ಟುಕೊಂಡು ಬಂದು ಬಂಡೆಯ ಮೇಲಿಂದ ಇಳಿಯುತ್ತಾರೆ. ಮಂದಿ ಬುಡದಲ್ಲಿ ನಿಂತು, ಎದುರಿಗಿರುವ ಪದವನ್ನು ಓದಿ, "ಇಳಿ! ಇಳಿ!" ಎಂದು ಕೂಗುತ್ತಾರೆ. ತಾಯಂದಿರು ಕೌದಿ ಹಿಡಿದು ನಿಲ್ಲುತ್ತಾರೆ. ಮಗು ನೆಟ್ಟಗೆ ಬಂದರೆ ಹೆಗಲಿಗೆ ಹೊದಿಸಲು, ಇಲ್ಲದಿದ್ದರೆ ಎತ್ತಿಕೊಂಡು ಹೋಗಲು. ಇಳಿದವರಿಗೆ ಒಂದು ದಾರಿ ಸಿಗುತ್ತದೆ. ಕಲ್ಲು ತೆಗೆದು, ಮಳೆನೀರಿಗೆ ಕಾಲುವೆ ಕಡಿದು, ಹೆಸರಿಟ್ಟು ಸಾಯುವವರೆಗೆ ನೋಡಿಕೊಳ್ಳುವ ಹಕ್ಕು ಅದು. ಗಾಳೆವ್ವನಿಗೆ ನಮ್ಮ ಹಿತ್ತಲಿನ ತಂಗಡಿ ದಾರಿ ಬೇಕು. ನಡೆಯಲು ಕಲಿತದ್ದೇ ಆ ದಾರಿಯಲ್ಲಿ, ಅದು ಬೇರೆಯವರ ಪಾಲಾಗುವುದನ್ನು ಅವಳು ನೋಡಲಾರಳು.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬುಡದಲ್ಲಿ ಬಿದ್ದವನು ಏಳಲಿಲ್ಲ. ಅವನ ತಾಯಿ ಆ ಕೌದಿಯನ್ನು ಇನ್ನೂ ಒಗೆದಿಲ್ಲ. ನನ್ನ ಅಣ್ಣ ಫಕೀರಪ್ಪ ಹದಿನೇಳರ ಪ್ರಾಯದಲ್ಲಿ ಇಳಿದ. ಸೈಕಲ್ ಸಮೇತ ಬುಡ ಮುಟ್ಟಿದ್ದರಿಂದ ಇಳಿದವನು ಎನಿಸಿಕೊಂಡ, ಆದರೆ ಬಲಗೈ ಅಂದಿನಿಂದ ಮೊಣಕೈ ಕೆಳಗೆ ಜೋತು ಬಿದ್ದಿದೆ. ಅವನಿಗೆ ಅದರ ಬಗ್ಗೆ ದುಃಖವಿಲ್ಲ, ದೊಡ್ಡ ಹೆಮ್ಮೆಯಿದೆ. ಹೊಸಬರಿಗೆ ಇಳಿಯುವುದನ್ನು ಕಲಿಸುವವನೂ ಅವನೇ. ಗಾಳೆವ್ವನ ಸೈಕಲ್ಲಿನ ಬಿದಿರು ಬಾಗಿಸಿದವನೂ ಅವನೇ, ಒಂದು ಕೈಯಿಂದ ಮತ್ತು ಹಲ್ಲಿನಿಂದ.

ಇವತ್ತು ಬೆಳಿಗ್ಗೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮಂಜುಬಲೆಯ ಕೊಡ ನೋಡಿ ಬಂದೆ, ಮತ್ತೆ ಹೋದೆ, ಕೊಡ ತುಂಬಿರಲಿಲ್ಲ, ಬಂದೆ. ಒಲೆಗೆ ಕಡ್ಡಿ ಹಾಕಿ ಮರೆತೆ. ಗಾಳೆವ್ವ ಸರಪಳಿ ಒರೆಸುತ್ತಿದ್ದಳು. ಕೊನೆಗೆ ಸೈಕಲ್ ಈಚೆಗೆ ಎಳೆದೆ.

"ಎಲ್ಲಿಗೆ ಹೊಂಟಿ ಯವ್ವಾ?" ಎಂದಳು.

"ಸುಮ್ನ ಒಂದ್ ಸುತ್ತು."

"ಗಾಳಿ ಜೋರೈತಿ. ಹಗ್ಗ ನಿಲ್ಲಸ್ತಾರ ನೋಡು, ಕೆಳಗ ಸಿಕ್ಕಾಕ್ಕೊಂತಿ."

ತಂಗಡಿ ದಾರಿ ಹಿಡಿದೆ. ಹಳದಿ ಹೂವೆಲ್ಲ ಗಾಳಿಗೆ ಉದುರಿ ನೆಲದ ಮೇಲಿತ್ತು, ಗಾಲಿ ಅದರ ಮೇಲೆ ಸದ್ದಿಲ್ಲದೆ ಹೋಯಿತು. ಮೊದಲ ತಿರುವಿನಲ್ಲಿ ಭಯ ಸ್ವಲ್ಪ ಹಿಂದೆ ಬಿತ್ತು. ಹಲ್ಲುಕಡಿಗೆ ಬಂದಾಗ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ಕಲ್ಲುಗಳ ಮೇಲೆ ಕುಣಿಯುತ್ತ ಹೋದೆ. ಬೈದುಕೊಂಡೆ, ನಕ್ಕೆ, ಒಬ್ಬಳೇ ಕೂಗಿದೆ. ಈ ಸುಖ ನಿಮಗೂ ಗೊತ್ತಿರಬೇಕು, ಇಲ್ಲದಿದ್ದರೆ ರಜೆಯ ನಿದ್ದೆ ಬಿಟ್ಟು ಯಾಕೆ ಬರುತ್ತಿದ್ದಿರಿ? ಮನೆಯಿಂದ ಕೂಗಳತೆಯ ದಾರಿ, ಸಾವಿರ ಸಲ ಹೋದ ದಾರಿ, ಆದರೂ ಪ್ರತಿ ಸಲ ಒಂದು ಕಲ್ಲು ಜಾಗ ಬದಲಿಸಿ ನಮ್ಮನ್ನು ಕಾಯುತ್ತಿರುತ್ತದೆ. ಬಂಡೆಯ ದಾರಿಗೆ ನಾನು ಹೋಗಲಿಲ್ಲ. ಪಕ್ಕದ ಸುತ್ತುದಾರಿಯಲ್ಲಿ ಇಳಿದು ತಪ್ಪಲು ಮುಟ್ಟಿದೆ.

ಗಾಳೆವ್ವ ಹೇಳಿದಂತೆಯೇ ಆಗಿತ್ತು. ಗಾಳಿ ಮಿತಿ ಮೀರಿದ್ದರಿಂದ ಹಗ್ಗ ಕಟ್ಟಿಹಾಕಿದ್ದರು. ಇಂಥ ಹೊತ್ತಿನಲ್ಲಿ ತಪ್ಪಲಿನ ತಂಗುಮನೆಯಲ್ಲಿ ಕೂತು ಗಾಳಿ ತಗ್ಗುವವರೆಗೆ ಹರಟೆ ಹೊಡೆಯುವುದು ನಮ್ಮ ಪದ್ಧತಿ. ಎರಡು ದಿನ ಕೂತದ್ದೂ ಉಂಟು. ನಾನು ಕೂರುವ ಸ್ಥಿತಿಯಲ್ಲಿದ್ದೆನೇ? ಬಂಡೆಯ ದಾರಿ ನೇರವಾಗಿ ಮೇಲಕ್ಕೆ ಹೋಗುತ್ತದೆ. ಸೈಕಲ್ ಅತ್ತ ತಿರುಗಿಸಿದೆ. ತಂಗುಮನೆಯವರು ಹಿಂದಿನಿಂದ, "ಕೆಂಚವ್ವಾ, ದಾರಿ ತಪ್ಪೀ, ಅದು ಮ್ಯಾಲಕ್ಕ ಹೊಕ್ಕೈತಿ!" ಎಂದು ನಗಾಡಿದರು.

ಏರು ಎಂದರೆ ಏನೆಂದು ಇವತ್ತು ಗೊತ್ತಾಯಿತು. ತೊಡೆಗೆ ಬೆಂಕಿ ಬಿದ್ದಂತಾಯಿತು. ಮುಂದಿನ ಗಾಲಿ ನೆಲ ಬಿಟ್ಟೇಳುತ್ತದೆ, ಹಿಂದಿನದು ಜಾರುತ್ತದೆ. ಬೆನ್ನಿಗೆ ಗಾಳಿ ಇದ್ದದ್ದರಿಂದ ಬಚಾವಾದೆ. ತಲೆ ತಗ್ಗಿಸಿ, ಗಾಲಿಯ ಮುಂದಿನ ಒಂದು ಮೊಳ ನೆಲ ಬಿಟ್ಟು ಬೇರೇನೂ ನೋಡದೆ ತುಳಿದೆ. ಇಳಿಯುವಾಗ ಮಗಳ ಚಿಂತೆ ಹಿಂದೆ ಬಿದ್ದಿತ್ತು, ಏರುವಾಗ ಅದು ಹಿಂದಿನ ಗಾಲಿಯನ್ನೇ ಹಿಡಿದು ಜಗ್ಗುತ್ತಿತ್ತು. ಕೊನೆಯ ತಿರುವು ತಿರುಗಿದೆ, ತಲೆ ಎತ್ತಿದೆ. ಆ ಪದ ನನ್ನ ಮುಖದ ಮುಂದಿತ್ತು.

ಇಳಿ.

ಓದಿದೆ ಎಂದು ಹೇಳಲಾರೆ. ಓದುವುದಕ್ಕೆ ಮೊದಲೇ ನಾನು ಸೈಕಲ್ ಬಿಟ್ಟು ನೆಲದ ಮೇಲೆ ನಿಂತಿದ್ದೆ. ಎದುರಿಗೆ ಬಂಡೆ, ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುವಷ್ಟೇ ಅಗಲದ ಸಂದು. ಬೇರೆ ಏನು ಮಾಡಲು ಸಾಧ್ಯವಿತ್ತು? ಆಗ ಹರಿದ ಹಾಳೆಗಳಲ್ಲಿ ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಬಸ್ಸಿನಿಂದ ಇಳಿ. ಕುದುರೆಯಿಂದ ಇಳಿ. ಸೈಕಲ್ಲಿನಿಂದ ಇಳಿ. ನಿಮ್ಮ ಮಾತಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿತ್ತು. ನಾವು ನೆತ್ತಿಯ ಮೇಲಿರುವವರು, ಯಾವಾಗಲೂ ಬಂಡೆಯ ಬೆನ್ನ ಕಡೆಯಿಂದ ಬರುವವರು, ಇಳಿಯುವವರಿಗೆ ಆ ಪದ ಕಾಣುವುದೇ ಇಲ್ಲ. ಕಾಣದವರಿಗೆ ಯಾರು ಅಪ್ಪಣೆ ಬರೆದಾರು? ಇಷ್ಟು ವರ್ಷ ಒಬ್ಬರಾದರೂ ಹಾಗೆ ಕೇಳಲಿಲ್ಲ. ನೀವು ಬಯಲಿನವರು, ಕೆಳಗಿಂದ ಏರಿ ಬರುತ್ತಿದ್ದವರು. ಹಿಂದೆ ಬರುವ ಗೆಳೆಯನಿಗೆ, ಇಲ್ಲಿ ಕಾಲೂರು ಮಾರಾಯ, ತಳ್ಳಿಕೊಂಡು ಬಾ ಎಂದು ಬರೆದಿರಿ. ಆ ಸೊಟ್ಟ 'ಳಿ' ಕೂಡ ಆಗ ಅರ್ಥವಾಯಿತು. ಅದು ಏದುಸಿರು ಬಿಡುತ್ತಿದ್ದವನ ಕೈ. ನಾನೂ ಅಲ್ಲಿ ನಿಂತು ಏದುಸಿರು ಬಿಡುತ್ತಿದ್ದೆ. ಮೊದಲು ನಗು ಬಂತು, ಆಮೇಲೆ ಆ ಹುಡುಗನ ತಾಯಿಯ ಕೌದಿ ನೆನಪಾಯಿತು. ಕೂತು ಅತ್ತೆ.

ಮನೆಗೆ ಬಂದಾಗ ಅಣ್ಣ ಅಂಗಳದಲ್ಲಿ ಗಾಳೆವ್ವನ ಸೈಕಲ್ಲಿಗೆ ಎಣ್ಣೆ ಹಾಕುತ್ತಿದ್ದ.

"ಏನಾತು, ದೆವ್ವ ಕಂಡಂಗ ಮಾರಿ ಮಾಡೀದಿ?" ಎಂದ.

"ಅಣ್ಣಾ, ಆ ಪದ ನಮಗ ಬರದದ್ದಲ್ಲ. ಕೆಳಗಿಂದ ಏರಿ ಬರೋರಿಗೆ ಬರದದ್ದು. ಸೈಕಲ್ ಬಿಟ್ಟು ಕಾಲೂರು ಅಂತ ಅದರ ಅರ್ಥ."

ಅವನು ನಕ್ಕ. "ಯಾವ ಹುಚ್ಚ ಸೈಕಲ್ ಮ್ಯಾಲೆ ಗುಡ್ಡಾ ಏರ್ತಾನ?"

"ನಿನ್ನ ಮುಂದ ನಿಂತೀನಲ್ಲ."

"ಅಲ್ಲ ಕೆಂಚಿ, ಅವರಿಗೇನ ಬುದ್ಧಿ ಇರಲಿಲ್ಲೇನು? ಬಯಲಾಗ ಮನಿ ಇಟ್ಟಗೊಂಡು, ಸುಮ್ಮಸುಮ್ಮನ ಏರೂದು, ಮತ್ತ ಮನಿಗೆ ಹೋಗೂದು?"

"ಅದ ಅವರ ಆಟ, ಅಣ್ಣಾ. ನೀ ಒಮ್ಮೆ ಕೆಳಗಿಂದ ಬಂದು ನೋಡು."

ಅವನ ನಗು ಮೆಲ್ಲಗೆ ಹೋಯಿತು. ಎಣ್ಣೆಯ ಬಟ್ಟಲು ಕೆಳಗಿಟ್ಟ. ಜೋತು ಬಿದ್ದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ, ಚಳಿಗಾಲದಲ್ಲಿ ನೋವಾದಾಗ ಇಟ್ಟುಕೊಳ್ಳುವಂತೆ. "ಹಂಗಾರ ನನ್ನ ಕೈ?" ಎಂದ.

ಏನು ಹೇಳಲಿ? ನಿಮಗಾದರೆ ಏನಾದರೂ ತೋಚೀತೇ? ಅವನು ಎದ್ದು ಕೊಳವೆಮನೆಯ ಉದ್ದಕ್ಕೂ ನಡೆದು ತುದಿಗೆ ಹೋದ, ವಾಪಸ್ ಬರಲಿಲ್ಲ.

ಗಾಳೆವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅವರು ಏನರ ಬರದಿರ್ಲಿ ಯವ್ವಾ. ನಮ್ಮ ಮಂದಿ ಇಷ್ಟು ವರ್ಷ ಇಳದಾರ. ಅದೂ ಖರೇನ ಅಲ್ಲೇನು? ನಾ ಇಳಿಯಾಕಿನ."

"ಇಳಿ ಅಂತನ ನಾನೂ ಹೇಳಾಕತ್ತೀನಿ" ಎಂದೆ. ಅವಳಿಗೆ ನಗು ಬಂತು, ನನಗೂ ಬಂತು. ಅದರಿಂದ ಏನೂ ಬಗೆಹರಿಯಲಿಲ್ಲ. ಅವಳು ಸೈಕಲ್ ತೆಗೆದುಕೊಂಡು ಒಳಗೆ ಹೋದಳು.

ಅದಕ್ಕೇ ಈ ಕಾಗದ. ನನ್ನ ಬೇಡಿಕೆ ಚಿಕ್ಕದು. ಬಣ್ಣ ಹಿಡಿದು ಬಂಡೆಯ ಮುಂದೆ ನಿಂತಾಗ ಇನ್ನೊಂದು ಪದ ಸೇರಿಸಿ. 'ಇಳಿದು ತಳ್ಳಿ' ಎಂದು ಬರೆಯಿರಿ. ಉಸಿರು ಸಾಲದಿದ್ದರೆ ಸ್ವಲ್ಪ ನೀರು ಕುಡಿದು ಬರೆಯಿರಿ. ತಳ್ಳಿ ಎಂಬ ಪದಕ್ಕೆ ನಮ್ಮಲ್ಲೂ ಒಂದೇ ಅರ್ಥ.

ಬಿರುಕಿನ ಬಾಯಿ ಮಂಜು ಬೀಳುವ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತದೆ, ನಾಳೆ ಆ ಹೊತ್ತಿಗೆ ನಾನು ಕೌದಿ ಹಿಡಿದು ಬಂಡೆಯ ಬುಡದಲ್ಲಿರಬೇಕು. ಹೀಗಾಗಿ ಕಾಗದ ನನ್ನ ಕೈಯಲ್ಲೇ ಉಳಿಯುತ್ತದೆ. ಬರೆದು ಏನು ಸಾಧಿಸಿದೆನೋ ನನಗೆ ತಿಳಿಯದು. ಆದರೆ ಸುಮ್ಮನೆ ಕೂತು ಏನು ಸಾಧಿಸುತ್ತಿದ್ದೆ?

ನಿಲ್ಲದ ತಿಂಗಳು, ನಲವತ್ತೆರಡನೆಯ ದಿನ.

ಹಿಂದಿನದನ್ನು ಓದಿದೆ, ತಿದ್ದಲು ಹೋಗುವುದಿಲ್ಲ. ಇವತ್ತು ನಡೆದದ್ದನ್ನು ಹೇಳುತ್ತೇನೆ.

ಬೆಳಿಗ್ಗೆ ಎದ್ದಾಗ ಅಣ್ಣ ಇರಲಿಲ್ಲ, ಅವನ ಸೈಕಲ್ಲೂ ಇರಲಿಲ್ಲ. ಇಳಿಯುವ ಮಕ್ಕಳನ್ನು ಹುರಿದುಂಬಿಸಲು ನೆತ್ತಿಗೆ ಹೋಗಿದ್ದಾನೆ ಎಂದುಕೊಂಡೆ. ಮೈಯೆಲ್ಲ ಉರಿಯಿತು. ನನ್ನ ಮಾತು ಅವನಿಗೆ ಲೆಕ್ಕಕ್ಕೇ ಇಲ್ಲವೇ ಎಂದು ಬೈದುಕೊಳ್ಳುತ್ತ ಕೌದಿ ಮಡಚಿಕೊಂಡು ಬಂಡೆಯ ಬುಡಕ್ಕೆ ಹೋದೆ. ಮಂದಿ ಸೇರಿದ್ದರು. ಜಾಜು ಆಗತಾನೇ ತೀಡಿದ್ದರಿಂದ ಪದ ಹಸಿಹಸಿಯಾಗಿ ಹೊಳೆಯುತ್ತಿತ್ತು. ಅದರ ಪಕ್ಕ ಇನ್ನೊಂದು ಪದ ಇದೆಯೇ ಎಂದು ಹುಚ್ಚಿಯ ಹಾಗೆ ಹುಡುಕಿದೆ. ಎಲ್ಲಿಂದ ಬರಬೇಕು, ಕಾಗದ ನನ್ನ ಸೆರಗಿನಲ್ಲೇ ಇತ್ತು.

ಮೇಲೆ ನಾರುಗಾಲಿಯ ಸದ್ದು ಕೇಳಿತು. ಮಂದಿ ಕೂಗಲು ಶುರು ಮಾಡಿದರು. "ಇಳಿ! ಇಳಿ!" ನನ್ನ ಪಕ್ಕದವಳು ಮೊಣಕೈಯಿಂದ ತಿವಿದು, "ಕೂಗವಾ, ನಿನ್ನ ಮಗಳ ಬರಾಕತ್ತಾಳ" ಎಂದಳು. ನಾನು ಕೌದಿಯನ್ನು ಎದೆಗೆ ಅವುಚಿಕೊಂಡೆ. ಆ ಪದವನ್ನು ಕೂಗಿದರೆ ಯಾವ ಅರ್ಥದಲ್ಲಿ ಹೋಗಿ ಅವಳಿಗೆ ತಾಕುತ್ತದೋ ಎಂಬ ಭಯ.

ಗಾಳೆವ್ವ ಬಂಡೆಯ ಮೇಲೆ ಕಾಣಿಸಿಕೊಂಡಳು. ಅದೇ ಗಳಿಗೆಗೆ ಪಕ್ಕದ ಸಂದಿನಿಂದ ಅಣ್ಣ ಮೇಲೆ ಬಂದ. ಎಡಗೈಯಲ್ಲಿ ಸೈಕಲ್ ತಳ್ಳುತ್ತಿದ್ದ, ಅಂಗಿಯ ಮೇಲೆ ಬೆವರು ಒಣಗಿ ಬಿಳಿ ಗೆರೆ ಮೂಡಿತ್ತು. ನಸುಕಿನಲ್ಲೇ ತಪ್ಪಲಿಗೆ ಹೋಗಿ, ಒಂದು ಕೈಯಿಂದ ಹಿಡಿಕೆ ಹಿಡಿದು ಕೆಳಗಿಂದ ತುಳಿದುಕೊಂಡು ಬಂದಿದ್ದ, ನಾನು ಬಂದ ದಾರಿಯಲ್ಲಿ. ಮಂದಿ ಸೇರುವ ಮೊದಲೇ ಆ ಪದದ ಮುಂದೆ ಅವನೂ ನೆಲಕ್ಕೆ ಕಾಲು ಕೊಟ್ಟಿದ್ದ. ಇಷ್ಟು ಹೊತ್ತು ಸಂದಿನಲ್ಲಿ ಒಬ್ಬನೇ ಕೂತಿದ್ದನಂತೆ. ಸೈಕಲ್ಲನ್ನು ಬಂಡೆಗೆ ಒರಗಿಸಿ ಅಂಚಿನಲ್ಲಿ, ಅವಳಿಗೆ ಅಡ್ಡವಾಗಿ ನಿಂತ. ಅವಳು ಗಾಲಿ ಜಾರಿಸಿ ಸೈಕಲ್ ತಡೆದಳು. ಏನೋ ಹೇಳಿದ. ಗಾಳಿಗೆ ನನಗೆ ಕೇಳಲಿಲ್ಲ, ಗಾಳೆವ್ವ ಆಮೇಲೆ ಹೇಳಿದಳು. ಅವನು ಅಂದದ್ದು ಇಷ್ಟೇ: "ಇಳಿಯವ್ವಾ. ಸಾಕು."

ನಮ್ಮ ಗುಡ್ಡದಲ್ಲಿ ಆ ಪದವನ್ನು ನಿಮ್ಮ ಅರ್ಥದಲ್ಲಿ ಬಾಯಿಬಿಟ್ಟು ಆಡಿದ ಮೊದಲ ಮನುಷ್ಯ ನನ್ನ ಅಣ್ಣ. ಗಾಳೆವ್ವ ಅವನ ಮುಖ ನೋಡಿದಳು, ಅವನ ಕೈ ನೋಡಿದಳು. ಇಳಿದಳು.

ಕೂಗು ನಿಂತಿತು. ಯಾರೋ ಹಿಂದಿನಿಂದ "ಕಾಲೂರಿದ್ಲು" ಎಂದರು. ಸೋದರಮಾವ, ಸೋದರಸೊಸೆ ಇಬ್ಬರೂ ಸಂದಿನಲ್ಲಿ ಸೈಕಲ್ ತಳ್ಳಿಕೊಂಡು ಕೆಳಗೆ ಬಂದರು. ಅಣ್ಣ ಮಂದಿಯ ಮುಂದೆ ನಿಂತು, "ನನ್ನ ಬೈಯೂದಿದ್ರ ಆಮ್ಯಾಲೆ ಬೈರಿ. ಮೊದಲ ತಪ್ಪಲಕ್ಕ ಹೋಗಿ, ಸೈಕಲ್ ಹತ್ತಿ ಮ್ಯಾಲೆ ಬಂದು, ಈ ಪದಾ ಓದ್ರಿ" ಎಂದ. ಕೆಲವರು ಸಿಟ್ಟಿನಿಂದ ಮನೆಗೆ ಹೋದರು. ಕೆಲವರು, ಅದರಲ್ಲೂ ಆ ಹುಡುಗನ ತಾಯಿ, ತಪ್ಪಲಿನ ಕಡೆ ಹೊರಟರು. ಅವಳ ಬಳಿ ಸೈಕಲ್ ಇರಲಿಲ್ಲ. ಗಾಳೆವ್ವ ತನ್ನದನ್ನು ಕೊಟ್ಟಳು.

ಕೌದಿ ನನ್ನ ಕೈಯಲ್ಲೇ ಇತ್ತು. ಮಗಳಿಗೆ ಹೊದಿಸಲು ಹೋದರೆ ಅವಳು ತಲೆಯಾಡಿಸಿದಳು. ಅಣ್ಣನ ಹೆಗಲಿಗೆ ಹಾಕಿದೆ. ಅವನು ಬೇಡವೆನ್ನಲಿಲ್ಲ. ತಂಗಡಿ ದಾರಿ ಗಾಳೆವ್ವನಿಗೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಗಾಳಿ ಬಿದ್ದ ಮೇಲೆ ಸಭೆ ಸೇರಿ ತೀರ್ಮಾನ ಮಾಡುತ್ತಾರಂತೆ. ಅವಳು ಅಷ್ಟರೊಳಗೆ ಸಲಿಕೆ ಹಿಡಿದು ಹಿತ್ತಲಿಗೆ ಹೋಗಿ ಉದುರಿದ ಕಲ್ಲು ತೆಗೆಯುತ್ತಿದ್ದಾಳೆ. ಯಾರು ತಡೆಯುತ್ತಾರೋ ನೋಡೋಣ ಎಂಬ ಗತ್ತು.

ಮಗಳು ಉಳಿದಳು. ಇನ್ನು ನಿಮಗೆ ಈ ಕಾಗದ ಯಾಕೆ ಎಂದು ಹರಿದು ಒಲೆಗೆ ಹಾಕಲು ಎದ್ದೆ. ಒಲೆಯವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಅಣ್ಣ ಬಾಗಿಲ ಬಳಿ ಕೌದಿ ಹೊದ್ದು ಕೂತಿದ್ದ. ಅವನನ್ನೇ ಕೇಳಿದೆ: ಕಾಗದ ಮುಟ್ಟಿದರೆ ಈ ಬಂಡೆಯ ಆಟವೇ ಹುಟ್ಟುವುದಿಲ್ಲ, ನೀನು ಇಳಿದವನು ಎನಿಸಿಕೊಳ್ಳುವುದಿಲ್ಲ, ನಿನ್ನನ್ನು ಯಾರೂ ಎದ್ದು ನಿಂತು ಮಾತಾಡಿಸುವುದಿಲ್ಲ, ಹಾಕಲೇ, ಬೇಡವೇ?

ಅವನು ಗಾಳಿಯ ಕಡೆ ಮುಖ ತಿರುಗಿಸಿದ. ಆಮೇಲೆ, "ಹಾಕು. ಕೈ ಬಂದ್ರ ಆ ಏರು ನಿನಗಿಂತ ಮೊದಲ ಏರಿ ತೋರಸ್ತೀನಿ" ಎಂದ. ಹೇಳುವಾಗ ನಗುತ್ತಿದ್ದ, ಆದರೆ ಕಣ್ಣು ಒರೆಸಿಕೊಂಡ.

ಆದ್ದರಿಂದ ಅದೇ ಬೇಡಿಕೆ, ಈಗ ಅವನ ಕೈಗಾಗಿ. ಆ ಹುಡುಗನಿಗಾಗಿ ಕೂಡ. ಬಂಡೆಯ ಮುಂದೆ ಉಸಿರು ಹಿಡಿದು ನಿಂತಾಗ ಆ ಎರಡನೆಯ ಪದ ಬರೆಯಿರಿ, ಅಕ್ಷರ ಎಷ್ಟೇ ಸೊಟ್ಟಗಿದ್ದರೂ ಚಿಂತೆಯಿಲ್ಲ. ನಾಳೆ ಮಂಜು ಬೀಳುವ ಹೊತ್ತಿಗೆ ಇದನ್ನು ಬಿರುಕಿಗೆ ಹಾಕುತ್ತೇನೆ. ನೀವು ಬರೆದರೆ ನನಗೆ ತಿಳಿಯುವುದಿಲ್ಲ. ನಿಮಗೆ ಕಾಗದ ಬರೆದದ್ದು, ಅತ್ತದ್ದು, ಏರಿದ್ದು ಯಾವುದೂ ನೆನಪಿರುವುದಿಲ್ಲ, ಕೃತಜ್ಞತೆ ಹೇಳಲೂ ಆಗುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ನಿಲ್ಲದ ತಿಂಗಳ ಯಾವುದೋ ಒಂದು ದಿನ ನಾನು ರೊಟ್ಟಿ ಬಡಿಯುತ್ತಿರುತ್ತೇನೆ. ಅಣ್ಣ ಹಲ್ಲುಕಡಿ ದಾರಿಯಲ್ಲಿ ಸುತ್ತಾಡಿ ಬಂದು, ಸೈಕಲ್ ಒರಗಿಸಿ, ಮೈಯೆಲ್ಲ ಧೂಳಾಗಿ ಬಾಗಿಲಲ್ಲಿ ನಿಲ್ಲುತ್ತಾನೆ. ನಾನು ತಲೆ ಎತ್ತಿ, "ಎರಡೂ ಕೈ ನೆಟ್ಟಗ ತೊಳಕೊಂಡು ಬಾ" ಎಂದು ಬೈದು, ಮತ್ತೆ ರೊಟ್ಟಿ ಬಡಿಯುತ್ತೇನೆ.